ಸಬ್ಬಸಿಗೆ ಸೊಪ್ಪು ಹೇಳಿಕೊಟ್ಟ ರೈ ವಿಸ್ಕಿ

ಕಳೆದ ನವೆಂಬರಿನಲ್ಲಿ ನನ್ನ ಮುಂದೆ ವಿಸ್ಕಿಯ ಎಂಟು ಗ್ಲಾಸುಗಳಿದ್ದವು, ಯಾವುದಕ್ಕೂ ಹೆಸರಿರಲಿಲ್ಲ. ಏಳನ್ನು ಡಿಸ್ಟಿಲರಿ ಸಮೇತ ಸರಿಯಾಗಿ ಹೇಳಿದೆ. ಸುರಿದುಕೊಟ್ಟವರು ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿಯ ನಮ್ಮ ವಿಸ್ಕಿ ಗುಂಪಿನವರೇ. ಒಗ್ಗರಣೆ ಡಬ್ಬಿ ಇಟ್ಟುಕೊಂಡು ಯಾರಾದರೂ ಬರ್ಬನ್ (ಮುಸುಕಿನ ಜೋಳದ ಅಮೆರಿಕನ್ ವಿಸ್ಕಿ) ಕಲಿಯುತ್ತಾರೆಯೇ ಎಂದು ಎರಡು ವರ್ಷ ಕೇಳಿದವರು ಅವರು. ಆ ರಾತ್ರಿ ಮಸಾಲೆ ವಾಸನೆಗಳನ್ನು ತುಂಬಿಟ್ಟ ನನ್ನ ಪುಟ್ಟ ಸೀಸೆಗಳ ಪೆಟ್ಟಿಗೆಯನ್ನು ಕೇಳಿ ಪಡೆದುಕೊಂಡು ಹೋದರು. ಬರೆಯುವ ಧೈರ್ಯ ಬಂದದ್ದು ಆಮೇಲೆ.

ಮೊದಲು ಹಣದ ವಿಚಾರ. 2018ರಿಂದ ಮೂರು ವರ್ಷಗಳಲ್ಲಿ ಸುಮಾರು ನೂರನಲವತ್ತು ಬಾಟಲಿ ಕೊಂಡೆ. ಹತ್ತು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ ಖರ್ಚಾಗಿರಬೇಕು. ಓಹಾಯೊದಲ್ಲಿ ಬೆಲೆಯನ್ನು ರಾಜ್ಯವೇ ನಿಗದಿ ಮಾಡುತ್ತದೆ, ಆದರೆ ಬೇಕಾದ ಬಾಟಲಿ ಸಿಗುವುದಿಲ್ಲ. ನದಿ ದಾಟಿ ಕೆಂಟಕಿಯ ಕವಿಂಗ್ಟನ್‌ಗೆ ಹೋದರೆ ಬಾಟಲಿ ಸಿಗುತ್ತದೆ, ಆದರೆ ಅಂಗಡಿಯವನು ಹೇಳಿದ್ದೇ ಬೆಲೆ. ಸುಲಭಕ್ಕೆ ಸಿಗದ ವೆಲ್ಲರ್ ಬರ್ಬನ್ ಬರುತ್ತದೆಂಬ ಸುದ್ದಿ ಕೇಳಿ ಚಳಿಗಾಲದ ಬೆಳಗಿನ ಐದಕ್ಕೇ ಸಾಲಿನಲ್ಲಿ ನಿಂತಿದ್ದೇನೆ. ಪರವಾನಗಿಯಿಲ್ಲದ ಒಬ್ಬನಿಂದ ಆರುನೂರು ಡಾಲರ್ ಕೊಟ್ಟು ಒಂದು ಬಾಟಲಿ ಕೊಂಡೆ. ಮೇಣ, ಚೀಟಿ ಎಲ್ಲ ಸರಿಯಾಗಿಯೇ ಇತ್ತು, ಒಳಗಿದ್ದದ್ದು ಇಪ್ಪತ್ತು ಡಾಲರಿನ ಸರಕು. 1985ಕ್ಕಿಂತ ಹಿಂದಿನ, ಮುಚ್ಚಳದ ಮೇಲಿನ ತೆರಿಗೆ ಪಟ್ಟಿ ಇನ್ನೂ ಹರಿಯದ ಒಂದು ಹಳೆಯ ಬಾಟಲಿಯನ್ನು ಜಾಗ ಸಾಲದೆ ಮಲಗಿಸಿಟ್ಟೆ. ಎಂಟು ತಿಂಗಳಲ್ಲಿ ಕಾರ್ಕ್ ಕರಗಿ ಮೂರನೇ ಒಂದು ಭಾಗ ಕಪಾಟಿನ ಹಲಗೆಗೆ ಇಳಿದಿತ್ತು. ಆ ಹಲಗೆಯ ವಾಸನೆ ನೋಡುತ್ತ ಕುಳಿತ ಸಂಜೆಯನ್ನು ನಾನು ಮರೆಯಲಾರೆ.

ಇಷ್ಟಾದ ಮೇಲೆ ಒಂದು ದಿನ ಹೆಂಡತಿಗೆ ಹೇಳಿ, ಗ್ಲೆನ್‌ಕೇರ್ನ್ ಎಂಬ ವಿಸ್ಕಿ ಗ್ಲಾಸುಗಳ ತಳಕ್ಕೆ ಅಕ್ಷರ ಅಂಟಿಸಿ, ನನಗೆ ಕಾಣದಂತೆ ಸುರಿಯಿಸಿದೆ. ಹನ್ನೆರಡರಲ್ಲಿ ಮೂರು ಸರಿಯಾದವು. ನಾನು ಅತಿ ಹೆಚ್ಚು ಅಂಕ ಕೊಟ್ಟದ್ದು ಇವಾನ್ ವಿಲಿಯಮ್ಸ್‌ನ ಬಿಳಿ ಚೀಟಿಯ, ಬಾಟಲ್ಡ್ ಇನ್ ಬಾಂಡ್ ಎಂಬ ಕಾನೂನು ಗುರುತಿನ ಬಾಟಲಿಗೆ. ಅದರ ಬೆಲೆ ಇಪ್ಪತ್ತು ಡಾಲರಿನ ಆಸುಪಾಸು. ಪಕ್ಕದಲ್ಲಿದ್ದ ನಾನೂರರ ಬಾಟಲಿ ಐದನೆಯ ಸ್ಥಾನಕ್ಕೆ ಹೋಗಿತ್ತು.

ನಾಲಿಗೆಯಲ್ಲಿ ದೋಷವಿರಲಿಲ್ಲ, ಪದಗಳಲ್ಲಿತ್ತು. ನನ್ನ ಟಿಪ್ಪಣಿ ಪುಸ್ತಕದ ತುಂಬ ಟಾಫಿ, ಮಾರ್ಜಿಪ್ಯಾನ್ ಎಂಬ ಬಾದಾಮಿ ಮಿಠಾಯಿ, ಹಳೆಯ ಚರ್ಮ ಎಂದು ಬರೆದಿದ್ದೆ. ನಾನು ಮಂಡ್ಯದ ಕಡೆಯವನು. ಮಾರ್ಜಿಪ್ಯಾನ್ ತಿಂದದ್ದೇ ಮೂವತ್ತೈದು ದಾಟಿದ ಮೇಲೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಮುಂಚಿನ ವಾಸನೆ ಯಾವುದು, ತಳ ಹಿಡಿದಾಗಿನದು ಯಾವುದು ಎಂಬುದು ಮಾತ್ರ ಏಳನೇ ವಯಸ್ಸಿಗೇ ಗೊತ್ತಿತ್ತು.

ದಾರಿ ತೋರಿಸಿದ್ದು ಅಕ್ಕಿ ರೊಟ್ಟಿ. ಹೆಂಡತಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಬುಲೆಟ್ ರೈ ಎಂಬ, ರೈ ಧಾನ್ಯದ ವಿಸ್ಕಿ ಹಿಡಿದು ಕುಳಿತಿದ್ದೆ. ಗ್ಲಾಸಿನಿಂದ ಮೂಗೆತ್ತಿದರೂ ಅದೇ ವಾಸನೆ, ಬಗ್ಗಿಸಿದರೂ ಅದೇ. ಅವಳ ಬೆರಳಿಂದ ಒಂದು ಎಳೆ ತೆಗೆದುಕೊಂಡು ಹಿಸುಕಿ ನೋಡಿದೆ. ಸಂಶಯವೇ ಉಳಿಯಲಿಲ್ಲ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯ ಇಂಡಿಯಾನಾದ ಲಾರೆನ್ಸ್‌ಬರ್ಗ್‌ನಲ್ಲಿ ಶೇ. 95ರಷ್ಟು ರೈ ಹಾಕಿ ಭಟ್ಟಿ ಇಳಿಸುವ ಇಂಥದೇ ಸರಕು ಎಷ್ಟೋ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಅಂದಿನಿಂದ ಚೀಟಿ ನೋಡದೆಯೇ ಅದನ್ನು ಹಿಡಿಯುತ್ತೇನೆ.

ಅದರ ಬೆನ್ನಿಗೆ ಒಗ್ಗರಣೆ ಡಬ್ಬಿಯ ಪ್ರತಿಯೊಂದನ್ನೂ ಪರೀಕ್ಷಿಸಿದೆ. ಮೊದಲ ತಿಂಗಳು ಪೂರ್ತಿ ವ್ಯರ್ಥ. ಒಣ ಲವಂಗವನ್ನು ನೇರವಾಗಿ ಮೂಸಿದರೆ ಅರ್ಧ ಗಂಟೆ ಎಲ್ಲ ಗ್ಲಾಸೂ ಲವಂಗವೇ. ಆಮೇಲೆ ನೂರು ಪ್ರೂಫಿನ (ಶೇ. 50 ಮದ್ಯಸಾರದ) ವೋಡ್ಕಾದಲ್ಲಿ ನೆನೆಸಿ, ಸೋಸಿ, ಅದೇ ವೋಡ್ಕಾ ಬೆರೆಸುತ್ತ, ವಾಸನೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು ಮಾಡಿದೆ. ಗುಟ್ಟು ಇರುವುದು ಈ ತೆಳುವಿನಲ್ಲಿ. ಲವಂಗ ಎರಡು ಗಂಟೆ ನೆನೆದರೆ ಸಾಕು. ಸಬ್ಬಸಿಗೆಗೆ ಇಪ್ಪತ್ತು ನಿಮಿಷ, ಮೀರಿದರೆ ಒಣಹುಲ್ಲಿನ ವಾಸನೆ ಬರುತ್ತದೆ. ಹುರಿದ ಕಡಲೆಕಾಯಿಯ ಕೆಂಪು ಸಿಪ್ಪೆಗೆ ಒಂದು ರಾತ್ರಿ ಬೇಕು. ಬೆಲ್ಲ, ಹುರಿದ ಕೊಬ್ಬರಿ, ಕಿತ್ತಳೆ ಸಿಪ್ಪೆ, ಚಕ್ಕೆ, ಹುರಿದ ಮೆಂತ್ಯ ಎಲ್ಲ ಸೇರಿ ಹನ್ನೆರಡು ಸೀಸೆಗಳಾದವು. ಏಲಕ್ಕಿಯನ್ನು ಬಹಳ ನಂಬಿದ್ದೆ, ಯಾವ ಬರ್ಬನ್ನಿಗೂ ಹೊಂದಲಿಲ್ಲ, ತೆಗೆದುಹಾಕಿದೆ. ಮೆಂತ್ಯದ ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ. ಹನ್ನೆರಡು ವರ್ಷ ದಾಟಿದ ಬರ್ಬನ್ನನ್ನು ನಾನು ಹಿಡಿಯುವುದು ಅದರಿಂದಲೇ.

ಅಭ್ಯಾಸಕ್ಕೆ ಆದಷ್ಟೂ ಬಾಟಲ್ಡ್ ಇನ್ ಬಾಂಡ್ ಆರಿಸಿದೆ. ಅಮೆರಿಕದ 1897ರ ಆ ಕಾನೂನಿನಂತೆ ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ ನಾಲ್ಕು ವರ್ಷ, ಸರಿಯಾಗಿ ನೂರು ಪ್ರೂಫ್. ಎಲ್ಲ ಗ್ಲಾಸಿನ ಖಾರವೂ ಒಂದೇ ಮಟ್ಟದಲ್ಲಿದ್ದಾಗ ಮೂಗಿಗೆ ಮೋಸವಾಗುವುದಿಲ್ಲ. ವಾರಕ್ಕೆ ಎರಡು ಸಂಜೆ, ಗ್ಲಾಸಿಗೆ ಹತ್ತು ಮಿಲಿಲೀಟರ್, ಬಹುಪಾಲು ಉಗಿದುಬಿಡುತ್ತಿದ್ದೆ. ಗ್ಲಾಸಿನ ವಾಸನೆಗೆ ಹೊಂದಿದ ಸೀಸೆಗಳು ಇವು: ಜಿಮ್ ಬೀಮ್ ಮನೆಯ ಸರಕಿಗೆ ಕಡಲೆಕಾಯಿ ಸಿಪ್ಪೆ, ವೈಲ್ಡ್ ಟರ್ಕಿಗೆ ಲವಂಗ, ರಿಟನ್‌ಹೌಸ್ ರೈಗೆ ಕಿತ್ತಳೆ ಸಿಪ್ಪೆಯ ಜೊತೆ ಚಕ್ಕೆ. ರೈ ಬದಲು ಗೋಧಿ ಹಾಕುವ ಮೇಕರ್ಸ್ ಮಾರ್ಕ್‌ಗೆ ಹದ ಬರುವ ಮುಂಚಿನ ಬೆಲ್ಲದ ಪಾಕ. ನಾಲ್ಕನೇ ತಿಂಗಳು ಹನ್ನೆರಡರಲ್ಲಿ ಆರು, ಎಂಟನೇ ತಿಂಗಳು ಒಂಬತ್ತು ಸರಿ ಬಂದವು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಎರಡು ಲೀಟರಿನ ಪೀಪಾಯಿ ತಂದು ಎಳೆಯ ರೈ ತುಂಬಿಸಿದೆ. ಆರು ವಾರಕ್ಕೆ ಚೆನ್ನಾಗಿತ್ತು, ಆಸೆಬಿದ್ದು ಐದು ತಿಂಗಳು ಬಿಟ್ಟೆ. ಕಾಲು ಭಾಗ ಆವಿಯಾಗಿ, ಉಳಿದದ್ದು ಮರದ ಕಷಾಯವಾಗಿತ್ತು. ಎಲ್ಲ ಬಾಟಲಿಗಳ ಕೊನೆಯ ಗುಟುಕು ಸೇರಿಸುತ್ತ ಹೋದ ಒಂದು ಬಾಟಲಿಯೂ ಇತ್ತು. ಅದಕ್ಕೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಾಸನೆಯ ವಿಸ್ಕಿ ಒಂದು ಚಮಚ ಬಿದ್ದು, ಎರಡು ವರ್ಷದ ಸಂಗ್ರಹ ಹಾಳಾಯಿತು. ಗೆದ್ದದ್ದು ಒಂದು ಮಿಶ್ರಣ: ಎರಡು ಪಾಲು ವೈಲ್ಡ್ ಟರ್ಕಿ 101, ಒಂದು ಪಾಲು ರಿಟನ್‌ಹೌಸ್, ಮೂರು ವಾರ ಕತ್ತಲಲ್ಲಿ. ಕೊನೆಗೆ ಇನ್ನೊಂದು ವಸ್ತುವಿನ ಐದು ಹನಿ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ನಮ್ಮ ಗುಂಪಿನಲ್ಲಿ ಇದನ್ನು ನೂರಿಪ್ಪತ್ತು ಡಾಲರಿನ ಬಾಟಲಿಯೆಂದು ಅಂದಾಜಿಸಿದವರು ಇಬ್ಬರು.

ಈಗ ಕಪಾಟಿನಲ್ಲಿ ಮೂವತ್ತೆಂಟು ಬಾಟಲಿಗಳಿವೆ, ಎಲ್ಲವೂ ನೆಟ್ಟಗೆ ನಿಂತಿವೆ, ನಾಲ್ಕನ್ನು ಬಿಟ್ಟರೆ ಎಲ್ಲವೂ ತೆರೆದವು. ಅರ್ಧಕ್ಕಿಳಿದದ್ದನ್ನು ಅರವತ್ತು ಮಿಲಿಲೀಟರಿನ ಪುಟ್ಟ ಸೀಸೆಗಳಿಗೆ ಕಂಠದವರೆಗೂ ತುಂಬಿಸಿಡುತ್ತೇನೆ. ಕಳೆದ ವರ್ಷ ಐದುನೂರು ಡಾಲರ್ ಕೂಡ ಖರ್ಚಾಗಲಿಲ್ಲ. ಕೊಳ್ಳುವ ಮುಂಚೆ ಮೂಸಿ ನೋಡಲು ಬಿಡುವ ಒಂದು ಅಂಗಡಿ ನನಗೆ ಗೊತ್ತು, ಅದರ ಹೆಸರನ್ನೂ ಹೇಳುವುದಿಲ್ಲ.

ನವೆಂಬರಿನಲ್ಲಿ ತಪ್ಪಿದ ಒಂದು ಗ್ಲಾಸು ಫೋರ್ ರೋಸಸ್ ಡಿಸ್ಟಿಲರಿಯದು. ಅವರದು ಎರಡು ಧಾನ್ಯ ಮಿಶ್ರಣ, ಐದು ಯೀಸ್ಟ್, ಒಟ್ಟು ಹತ್ತು ಬಗೆ. ಅದರಲ್ಲಿ ಕ್ಯೂ ಎಂಬ ಯೀಸ್ಟಿನದು ಹೂವಿನ ಗುಣ, ನನ್ನ ಹನ್ನೆರಡು ಸೀಸೆಗಳಲ್ಲಿ ಹೂವೇ ಇರಲಿಲ್ಲ. ಮಲ್ಲಿಗೆ ನೆನೆಸಿದೆ, ಎರಡೇ ಗಂಟೆಯಲ್ಲಿ ಬಾಡಿದ ದಂಡೆಯ ವಾಸನೆ ಬಂತು. ಒಣ ಗುಲಾಬಿ ಪಕಳೆ ಸ್ವಲ್ಪ ಹತ್ತಿರ ಬಂದಿದೆ. ತಂಗಿಗೆ ಹೇಳಿ ಮೈಸೂರಿನಿಂದ ಗುಲ್ಕಂದ್ ತರಿಸಿದ್ದೇನೆ. ಈ ಶನಿವಾರ ಸಕ್ಕರೆ ತೊಳೆದು ಅದನ್ನು ನೆನೆಹಾಕುತ್ತೇನೆ.