ನಡುಗುವ ಕೈಯಲ್ಲಿ ಲಿಂಗಪೂಜೆ

ಮೊಣಕಾಲು ಸೋತಾಗ ನನಗೆ ಅಷ್ಟು ದುಃಖವಾಗಲಿಲ್ಲ. ಶರಣಬಸವೇಶ್ವರ ಗುಡಿಗೆ ಹೋಗುವುದು ನಿಂತಿತು, ಹೋಳಿ ಹುಣ್ಣಿಮೆಯಾದ ಐದನೇ ದಿನದ ತೇರೂ ತಪ್ಪಿತು. ಆದರೆ ಲಿಂಗಾಯತರ ಮನೆಯಲ್ಲಿ ಹುಟ್ಟಿದವಳಿಗೆ ದೇವರು ಎದೆಯ ಮೇಲೇ ಇರುತ್ತಾನೆ, ಗುಡಿ ದೂರವಾಯಿತೆಂದು ಅಳುವುದೇಕೆ? ಅಳು ಬಂದದ್ದು ಕೈ ನಡುಗತೊಡಗಿದಾಗ.

ಪೂಜೆಯ ಹೊತ್ತಿಗೆ, ಎದೆಯ ಮೇಲೆ ಧರಿಸುವ ಪುಟ್ಟ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ನೋಟ ಕದಲಿಸದೆ ಕೂರಬೇಕು. ಅದು ಕೈಜಾರಿ ಬೀಳಬಾರದು ಎಂಬ ಭಯ ಸಣ್ಣಂದಿನಿಂದಲೇ ನಮ್ಮಲ್ಲಿ ಕೂತಿರುತ್ತದೆ. ನಡುಕ ಹೆಚ್ಚಾದಂತೆ ಲಿಂಗವಿಡುವ ಕರಡಿಗೆ ತೆರೆಯುವುದನ್ನೇ ಬಿಟ್ಟೆ. ವಿಭೂತಿ ಹಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದ ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ವಚನ ಆಗ ಚುಚ್ಚುತ್ತಿತ್ತು. ಹಲ್ಲು ಹೋಗಿ, ಬೆನ್ನು ಬಾಗಿ, ಅನ್ಯರ ಹಂಗಿಗೆ ಬೀಳುವ ಮುಂಚೆಯೇ ಪೂಜಿಸು ಎನ್ನುತ್ತದೆ ಅದು. ಬಿದ್ದಾದ ಮೇಲೆ? ನನಗೋ ಮೈಮೇಲೆ ನೀರು ಹಾಕಲೂ ಸೊಸೆಯೇ ಬೇಕಾಗಿತ್ತು.

ಮನೆಗೆ ಬಂದ ಮಠದ ಅಯ್ಯನವರ ಮುಂದೆ ಇದನ್ನು ತೋಡಿಕೊಂಡೆ.

“ಕೈ ನಡುಗಿದ್ರ ಲಿಂಗಕ್ಕೇನ್ ಆಗ್ತದವ್ವಾ? ಒಂದ್ ಕೈ ಸಾಲದಿದ್ರ ಕೆಳಗ ಇನ್ನೊಂದ್ ಕೈ ಹಿಡೀಲಿ” ಅಂದರು.

ಈಗ ನಸುಕಿನಲ್ಲೇ ಕೂರುತ್ತೇನೆ. ಕಲಬುರಗಿಯ ಬಿಸಿಲು ಏರಿತೆಂದರೆ ನನ್ನಿಂದ ಆಗದು. ನೆಲದ ಮೇಲೇ ಕೂರಬೇಕೆಂಬ ಹಟವಿಲ್ಲ, ಕೈಯಿರುವ ಕುರ್ಚಿ ಸಾಕು. ತೊಡೆಯ ಮೇಲೆ ದಿಂಬು, ಅದರ ಮೇಲೆ ಮಡಿಚಿದ ಬಿಳಿ ವಸ್ತ್ರ. ಮೊಣಕೈಯನ್ನು ಕುರ್ಚಿಗೆ ಆನಿಸಿದರೆ ಅರ್ಧ ನಡುಕ ಅಲ್ಲೇ ತಗ್ಗುತ್ತದೆ. ಕರಡಿಗೆಯ ಮುಚ್ಚಳ ಸೊಸೆ ತೆಗೆಯುತ್ತಾಳೆ, ಲಿಂಗ ತೆಗೆದುಕೊಳ್ಳುವುದು ನಾನೇ. ಆಮೇಲೆ ಅವಳ ಅಂಗೈ ನನ್ನದರ ಕೆಳಗೆ. “ಹಿಡದೀನ್ರಿ ಅತ್ತಿ, ಅಂಜಬ್ಯಾಡ್ರಿ” ಅನ್ನುತ್ತಾಳೆ. ನೀರು ಒಂದು ಚಮಚ, ಪತ್ರಿ ಒಂದೇ. ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಚುಕ್ಕೆಯಾಗಿ ಮೂಡುತ್ತದೆ. ಕೈ ಅಲುಗಿದರೆ ಅದೂ ಅಲುಗುತ್ತದೆ, ನೋಟ ಅದರ ಹಿಂದೆಯೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಗುತ್ತದೆ. ನಡುಕ ನಿಲ್ಲುವುದಿಲ್ಲ, ಅದಕ್ಕೆ ಡಾಕ್ಟರು ಕೊಟ್ಟ ಗುಳಿಗೆ ಇವೆ. ನಿಲ್ಲುವುದು ಅದರ ಮೇಲಿನ ನನ್ನ ಸಿಟ್ಟು.

1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಹೊಲದ ಜೋಳವನ್ನು ಹಕ್ಕಿಗಳಿಗೆ ಬಿಟ್ಟು, ಕುಡಿಯಲು ನೀರೂ ಇಡುತ್ತಿದ್ದರು ಎಂದು ನಮ್ಮ ಕಡೆ ಹೇಳುತ್ತಾರೆ. ದಾಸೋಹವೆಂದರೆ ನೀಡುವುದು ಎಂದಷ್ಟೇ ತಿಳಿದು ಬದುಕಿದವಳು ನಾನು. ಉಣ್ಣುವವರೇ ಇಲ್ಲದಿದ್ದರೆ ದಾಸೋಹ ನಡೆಯುವುದು ಹೇಗೆ? ಹೀಗೆ ಯೋಚಿಸಿದ ಮೇಲೆ ಸೊಸೆ ನೀರು ಹಾಕುವಾಗಿನ ಸಂಕೋಚ ಹೋಯಿತು.

ಜ್ವರ ಬಂದ ದಿನ ಮಲಗಿದಲ್ಲೇ ಕರಡಿಗೆಯ ಮೇಲೆ ಅಂಗೈಯಿಟ್ಟು ‘ಓಂ ನಮಃ ಶಿವಾಯ’ ಅನ್ನುತ್ತೇನೆ, ಎಣಿಸುವುದಿಲ್ಲ.

ನಿಮ್ಮ ಮನೆಯ ಹಿರಿಯರೂ ಪೂಜೆ ಬಿಟ್ಟು ಸುಮ್ಮನೆ ಕೂತಿದ್ದರೆ ಒಮ್ಮೆ ಕೇಳಿ ನೋಡಿ, ಕೈಜಾರೀತೆಂಬ ಭಯವೇ ಇರಬಹುದು. ಕುರ್ಚಿ, ದಿಂಬು ಹೊಂದಿಸಿಕೊಡಿ. ಕರಡಿಗೆಯ ಮುಚ್ಚಳ ಬಿಗಿಯಾಗಿದ್ದರೆ ಅಕ್ಕಸಾಲಿಗರ ಹತ್ತಿರ ಸಡಿಲ ಮಾಡಿಸಿ.