ಮಳೆ ಬಿಟ್ಟ ಮೇಲೆ, ಕೊಯ್ಲಿಗೆ ಮೊದಲು

ದಸರಾ ರಜೆಯಿಂದ ದೀಪಾವಳಿವರೆಗಿನ ದಿನಗಳು ಉತ್ತರ ಕನ್ನಡದ ಸಿದ್ದಾಪುರ ಕಡೆಯ ಅಡಿಕೆ ತೋಟದ ಮನೆಗಳಿಗೆ ಒಂಥರಾ ನಡುಗಾಲ. ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ ಮುಗಿದಿರುತ್ತದೆ, ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಇನ್ನೂ ಶುರುವಾಗಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಬಿಡುವು. ಒಳಗಿದ್ದವರಿಗೆ ಮಳೆಗಾಲ ಪೂರ್ತಿ ಮುಂದೆ ಹಾಕಿದ್ದ ಕೆಲಸವೆಲ್ಲ ಸಾಲುಗಟ್ಟಿ ನಿಂತಿರುತ್ತದೆ. ಅದೇ ಹೊತ್ತಿಗೆ ಮಕ್ಕಳೂ ಮನೆಯಲ್ಲೇ.

ನಾನು ಕಂಡುಕೊಂಡ ಉಪಾಯ ಇಷ್ಟೇ: ಕೆಲಸಕ್ಕೊಂದು ದಿನ, ತಿರುಗಾಟಕ್ಕೊಂದು ದಿನ ಅಂತ ಬೇರೆ ಮಾಡುವುದಿಲ್ಲ. ಹೇಗೂ ಗುಡ್ಡ ಹತ್ತಲೇಬೇಕಾದ ಕೆಲಸಗಳಿಗೆ ಅವರನ್ನೂ ಹೊರಡಿಸುತ್ತೇನೆ. ಅವರ ಪಾಲಿಗೆ ಬರುವುದು ಹೆಸರಿಗೆ ಮಾತ್ರದ ಕೆಲಸವಾಗಿರಬಾರದು. ಅವರು ಮಾಡದಿದ್ದರೆ ನಿಜವಾಗಿ ಏನೋ ಕೆಡುವಂತಿರಬೇಕು. ಆಗ ‘ಬೇಜಾರು’ ಅನ್ನುವ ಮಾತೇ ಕೇಳುವುದಿಲ್ಲ.

ಇದಕ್ಕೆ ಅಬ್ಬಿ ನೀರಿನ ಪೈಪಿಗಿಂತ ಒಳ್ಳೆಯದು ಇನ್ನೊಂದಿಲ್ಲ. ನಮ್ಮ ಮನೆಗೆ ನೀರು ಬರುವುದು ಹಿಂದಿನ ಗುಡ್ಡದ ಅಬ್ಬಿಯಿಂದ, ಅಂದರೆ ಮೇಲಿನಿಂದ ಹರಿದುಬರುವ ಹಳ್ಳದಿಂದ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ತರುತ್ತಿದ್ದರಂತೆ, ಈಗ ಕರಿ ಪೈಪು. ಮೋಟಾರು, ಕರೆಂಟಿನ ಹಂಗಿಲ್ಲ. ಆದರೆ ಮಳೆಗಾಲದಲ್ಲಿ ಹಳ್ಳ ಏರಿದಾಗ ಕಲ್ಲು ಉರುಳಿ ಪೈಪಿನ ಬಾಯಿ ಎಲ್ಲೋ ಹೋಗಿರುತ್ತದೆ, ನಡುವೆ ಮರ ಬಿದ್ದಿರುತ್ತದೆ, ಜೋಡಣೆ ಬಿಟ್ಟಿರುತ್ತದೆ.

ಪೈಪಿನ ಜಾಡು ಹಿಡಿದೇ ಹತ್ತುತ್ತೇವೆ. ಬಾಯಿಗೆ ಐದು ಲೀಟರಿನ ಹಳೆ ಎಣ್ಣೆ ಕ್ಯಾನು ಸಿಕ್ಕಿಸುವುದು ನಮ್ಮ ಪದ್ಧತಿ. ಚೆನ್ನಾಗಿ ತೊಳೆದು, ಸುತ್ತಲೂ ಕಾಸಿದ ಮೊಳೆಯಿಂದ ತೂತು ಮಾಡಿ, ಮೇಲೆ ಸೊಳ್ಳೆಪರದೆಯ ತುಂಡು ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು. ಅದನ್ನು ಹರಿವಿಗೆ ಎದುರಾಗಿ ಇಡಬಾರದು, ಗಳಿಗೆಯೊಳಗೆ ದರಕು (ಒಣಗಿದ ಎಲೆ) ಬಂದು ಮೆತ್ತಿಕೊಳ್ಳುತ್ತದೆ. ದೊಡ್ಡ ಕಲ್ಲಿನ ಮರೆಯಲ್ಲಿ, ನೀರು ಸುತ್ತಿಕೊಂಡು ನಿಧಾನವಾಗುವ ಗುಂಡಿಯಲ್ಲಿ, ತಳದ ಮಣ್ಣಿಗೆ ತಾಗದಂತೆ ಇಟ್ಟು ಕಲ್ಲು ಹೇರಬೇಕು.

ಅಷ್ಟಾದರೂ ಕೆಳಗೆ ನೀರು ಬಂದೇ ಬಿಡುತ್ತದೆ ಎನ್ನುವಂತಿಲ್ಲ. ಪೈಪು ಎಲ್ಲಿ ಏರಿ ಇಳಿಯುತ್ತದೋ ಆ ಉಬ್ಬಿನಲ್ಲಿ ಗಾಳಿ ಕಟ್ಟುತ್ತದೆ. ಮೇಲೆ ಗುಂಡಿ ತುಂಬಿದ್ದರೂ ಕೆಳಗೆ ತೊಟ್ಟಿಕ್ಕುವುದಷ್ಟೇ. ಅಂಥ ಉಬ್ಬುಗಳಲ್ಲಿ ಟೀ ಹಾಕಿ ಸಣ್ಣ ವಾಲ್ವ್ ಕೂರಿಸಿದ್ದೇನೆ. ಮೇಲಿನಿಂದ ಶುರುಮಾಡಿ ಒಂದೊಂದನ್ನೇ ತೆರೆಯಬೇಕು. ಮೊದಲು ಬುಸ್ಸೆನ್ನುತ್ತದೆ, ಆಮೇಲೆ ಕೆಮ್ಮಿದ ಹಾಗೆ ಕೆಂಪು ನೀರು ಉಗುಳುತ್ತದೆ, ತಿಳಿಯಾಗಿ ಒಂದೇ ಸಮನೆ ಚಿಮ್ಮಿದ ಮೇಲೆ ಮುಚ್ಚುವುದು. ಮಗಳು ಮೇಲಿನ ವಾಲ್ವಿಗೆ, ಮಗ ನಡುವಿನದಕ್ಕೆ, ಮನೆಯ ಟಾಂಕಿ ಹತ್ತಿರ ನನ್ನ ಆಯಿ. ಮೊಬೈಲ್ ಸಿಗ್ನಲ್ ಅಲ್ಲಿಲ್ಲ. ಕೂ ಹೊಡೆಯುವುದೇ ಸುದ್ದಿ. ಆಯಿಯ ಕೂಗು ಕೇಳಿತೆಂದರೆ ನೀರು ಮುಟ್ಟಿತು ಎಂದರ್ಥ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಬೀಳುವುದೂ ಇದೇ ನೀರಾದ್ದರಿಂದ ಮಕ್ಕಳಿಗೆ ತಮ್ಮ ಕೆಲಸದ ಬೆಲೆ ಬೇರೆ ಹೇಳಬೇಕಿಲ್ಲ.

ಉಂಬಳದ (ಜಿಗಣೆಯ) ಕಾಟ ಆಗಿನ್ನೂ ಮುಗಿದಿರುವುದಿಲ್ಲ. ಕಾಲಿಗೆ ಹೊಗೆಸೊಪ್ಪು-ಸುಣ್ಣ ಉಜ್ಜಿಕೊಂಡರೆ ಸಾಕು, ಕಚ್ಚಿದರೂ ಅಂಥ ತೊಂದರೆಯೇನಿಲ್ಲ. ನನಗೆ ಭಯ ಇರುವುದು ಮಂಗನ ಕಾಯಿಲೆ ಹರಡುವ ಉಣುಗಿನದು (ಉಣ್ಣೆಯದು). ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತು ನೆಲ ಒಣಗುತ್ತ ಬಂದಂತೆ ಉಣುಗಿನ ಮರಿಗಳು ಹೆಚ್ಚುತ್ತವೆ. ಆದ್ದರಿಂದ ಮಕ್ಕಳ ಕಾಡಿನ ಕೆಲಸವನ್ನೆಲ್ಲ ದೀಪಾವಳಿಯೊಳಗೇ ಮುಗಿಸುತ್ತೇನೆ. ಆಮೇಲೆ ಹೋಗಲೇಬೇಕಾದರೆ ತುಂಬುತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಸತ್ತ ಮಂಗ ಕಂಡರೆ ಹತ್ತಿರ ಹೋಗಕೂಡದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಎನ್ನುವುದು ನಮ್ಮ ಮಗನಿಗೂ ಬಾಯಿಪಾಠ.

ಅಂಗಳದ ಕೆಲಸ ಗುಡ್ಡದಷ್ಟು ಮಜಾ ಅಲ್ಲ. ಪಾಚಿ ಕೆರೆದು, ಹುಲ್ಲು ಕಿತ್ತು, ಮಣ್ಣು ಹಾಕಿ ನೀರು ಚಿಮುಕಿಸಿ, ಪೆಟ್ಟಣೆಯಲ್ಲಿ ಬಡಿದು ಸಗಣಿ ಸಾರಿಸಬೇಕು. ಅರ್ಧ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಗುಡುಗು. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎಂದು ಗಾದೆ ಕಟ್ಟಿದವರಿಗೆ ಅಂಗಳ ಬಡಿಯುವ ಕಷ್ಟ ಗೊತ್ತಿತ್ತೋ ಇಲ್ಲವೋ! ಹಾಗಾಗಿ ಚಿತ್ತೆ ಮಳೆ ಮುಗಿಯುವವರೆಗೆ ಅಂಗಳಕ್ಕೆ ಕೈ ಹಾಕುವುದಿಲ್ಲ. ಅಡಿಕೆ ಒಣಗಿಸುವ ಅಟ್ಟಕ್ಕೆ ದಬ್ಬೆ ಸೀಳುವುದು, ಹಳೆ ಕಂಬ ಬದಲಿಸುವುದು ಮೊದಲು.

ಕೆಲಸದ ನಡುವೆ ಒಂದು ದಿನ ಮಾತ್ರ ಕತ್ತಿ, ಗುದ್ದಲಿ ಮುಟ್ಟದೆ ಉಂಚಳ್ಳಿಗೆ ಹೋಗುತ್ತೇವೆ. ಹೆಗ್ಗರಣೆ ದಾಟಿದರೆ ಅಘನಾಶಿನಿ ಸುಮಾರು 116 ಮೀಟರು ಕೆಳಗೆ ಧುಮುಕುವ ಜಾಗ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಕೆಪ್ಪಜೋಗ ಅಂತಲೂ ಕರೆಯುತ್ತಾರೆ. ನನ್ನ ಕೇಳಿದರೆ ನೋಡಲು ಅಕ್ಟೋಬರೇ ಸರಿ. ಮಳೆಗಾಲದಲ್ಲಿ ಮಂಜು ಮುಚ್ಚಿ ಬರೀ ಸದ್ದು, ಬೇಸಿಗೆಯಲ್ಲಿ ಬಡಕಲು. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ ಯಾರು ಗೇಟು ತೆರೆದರು ಎಂದು ಕಾಯಬೇಕಾಗಿಲ್ಲ. ಸುತ್ತಲಿನ ಕಾಡು ಸಿಂಗಳೀಕಗಳದ್ದು. ದಾರಿಯಲ್ಲಿ ಸುಮ್ಮನಿದ್ದರೆ ಕೊಂಬೆ ಅಲುಗುವುದಾದರೂ ಕಂಡೀತು, ಆದರೆ ನಮ್ಮ ಮಗ ಸುಮ್ಮನಿರಬೇಕಲ್ಲ! ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಮಾತ್ರ ಮೆಟ್ಟಿಲಿಳಿಯುವ ಮೊದಲೇ ತಿನ್ನುವುದು ಒಳ್ಳೆಯದು, ವಾಪಸು ಹತ್ತುವಾಗ ಯಾರಿಗೂ ಡಬ್ಬಿ ಹೊರುವ ಉಮೇದು ಇರುವುದಿಲ್ಲ.

ಗೋಪೂಜೆಗೆ ದನಗಳ ಕೊರಳಿಗೆ ಪಚ್ಚೆತೆನೆ, ಅಡಿಕೆ ಸೇರಿಸಿ ಸರ ಪೋಣಿಸುವ ಹೊತ್ತಿಗೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಬಂದು ತೋಟ ನೋಡಿಕೊಂಡು ಹೋಗಿರುತ್ತಾರೆ. ಹಬ್ಬ ಕಳೆದರೆ ಕೊಯ್ಲು. ಕೊನೆ ಇಳಿಸುವಾಗ ಚದುರುವ ಉದುರಡಿಕೆ ಹೆಕ್ಕುವುದು ಶಾಲೆ ಇಲ್ಲದ ದಿನಗಳಲ್ಲಿ ಮಕ್ಕಳ ಪಾಲು, ಡಬ್ಬಕ್ಕೆ ಇಷ್ಟು ಅಂತ ಅಜ್ಜನೇ ದುಡ್ಡು ಕೊಡುತ್ತಾರೆ. ಈ ಸಲ ಮಗಳು ಪೇಟೆಯ ಧಾರಣೆ ಪೇಪರಿನಲ್ಲಿ ನೋಡಿಕೊಂಡು ಬಂದು, “ಅಜ್ಜ, ರಾಶಿ ಅಡಿಕೆ ರೇಟು ಏರಿದೆ, ನಮ್ಮದೂ ಏರಬೇಕು” ಎಂದು ಕೂತಿದ್ದಾಳೆ. ಅಪ್ಪಯ್ಯ ಇನ್ನೂ ಒಪ್ಪಿಲ್ಲ.