ಕಮಾನ್ ಪಾಟಾ ಗಾಡಿನೂ ನೆಟ್ಟಗ ಓಡತೈತಿ: ನನ್ನ ಅನುಭವ

ಹಳೇ ಪದ್ಮಿನಿ ಕಾರು ತಗೊಂಡು ಡ್ರ್ಯಾಗ್ (ನೆಟ್ಟಗಿನ ದಾರಿಯಾಗ 402 ಮೀಟರಿನ ರೇಸು) ಓಡಸ್ತೀನಿ ಅಂದಾಗ ನಮ್ಮ ಪುಣೆ ಭೋಸರಿ ಹುಡುಗ್ರು ಒಬ್ಬರೂ ಬಿಡದಂಗ ನಕ್ಕಿದ್ರು. ಬಾಡಿ 35 ಸಾವಿರಕ್ಕ ಸಿಕ್ಕಿತ್ತು, ಒಳಗ ಜಿಪ್ಸಿದ 1.3 ಎಂಜಿನ್ನು, ಅದರದ ಗೇರ್‌ಬಾಕ್ಸು, ಮ್ಯಾಲೊಂದು ಸಣ್ಣ ಟರ್ಬೊ, ಅಂದಾಜು 110 ಎಚ್‌ಪಿ ಇರಬೇಕು. ಎಂಜಿನ್ನಿಗೆ ಯಾರೂ ಏನೂ ಅನ್ಲಿಲ್ಲ. ಹಿಂದಿನ ಪಾಟಾ, ಅಂದ್ರ ಆಕ್ಸಲ್ ಹಿಡಿದಿರೂ ಉಕ್ಕಿನ ಪಟ್ಟಿಗಳ ಕಮಾನ್ ಸ್ಪ್ರಿಂಗು, ನೋಡಿ ಮಾತ್ರ "ಅಣ್ಣಾ, ಇದು ಟೆಂಪೋದ್ದಲ್ಲಾ, ಕ್ಲಚ್ ಬಿಟ್ಟಕೂಡ್ಲೆ ಮಗ್ಗಲ ಲೇನಿಗೆ ಹೊಕ್ಕೀ, ಕಿತ್ತೊಗದು ಫೋರ್ ಲಿಂಕ್ ಮಾಡ್ಸು" ಅಂದ್ರು. ಫೋರ್ ಲಿಂಕ್ ಅಂದ್ರ ಪಾಟಾ ಬದಲಿ ನಾಕು ರಾಡಿನಿಂದ ಆಕ್ಸಲ್ ಹಿಡಿಯೂದು, ಅದಕ್ಕ ಒಬ್ಬಾಂವ ಹೇಳಿದ ರೇಟು ಲಕ್ಷದ ಮ್ಯಾಲೆ. ಬಾಡಿ ರೇಟಿನ ಮೂರು ಪಟ್ಟು! ಪಾಟಾದ ಮ್ಯಾಲೇ ಮಾಡಿ ತೋರಸ್ತೀನಿ ಅಂತ ಹಟಕ್ಕ ಬಿದ್ನಿ, ಹಟಕ್ಕ ಒಂದೂವರಿ ವರ್ಷ ಹೋತು.

ಮೊದಲ ಮಾಡಿದ ಹುಚ್ಚುತನ ಅಂದ್ರ ಎರಡೂ ಕಡೆ ಎರಡೆರಡು ಎಲಿ (ಪಾಟಾದ ಪಟ್ಟಿ) ಜಾಸ್ತಿ ಹಾಕ್ಸಿದ್ದು. ಗಟ್ಟಿ ಆದ್ರ ತಿರುಚೂದಿಲ್ಲ ಅನ್ನೂ ಲೆಕ್ಕ ನನ್ನದು. ಏಳು ಸಾವಿರ ಹೋತು, ಗಾಡಿ ಕಟ್ಟಿಗಿ ಆತು, ಹಿಂದ ಕೂಡವಲ್ದು, ಬಲಗಡೆ ಟೈರ್ ಅಲ್ಲೇ ನಿಂತು ಹೊಗಿ ಬಿಡೂದು. ಆಮ್ಯಾಲೆ ಎರಡು ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರಗಾಕ ಬಿಡೂ ಡಿಫರೆನ್ಷಿಯಲ್ (ಡಿಫ್) ವೆಲ್ಡ್ ಮಾಡ್ಸಿ ಲಾಕ್ ಮಾಡಿದ್ನಿ. ಎರಡೂ ಟೈರ್ ತಿರಗಾಕ ಹತ್ತಿದ್ವು ಖರೆ, ಈಗ ಗಾಡಿ ಬಲಕ್ಕ ಬಲಕ್ಕ ಹೋಗಾಕ ಹತ್ತಿತು, ಮೂರನೇ ಲಾಂಚಿಗೆ (ನಿಂತಲ್ಲಿಂದ ಜೋರಾಗಿ ಹೊಂಡೂದು) ಗಾಲಿ ತಿರುಗಿಸೂ ಆಕ್ಸಲ್ ಶಾಫ್ಟ್ ಕಟ್. ಒಂದು ಶಾಫ್ಟಿಗೆ ಪುಣೆಯ ಹಳೇ ಸಾಮಾನಿನ ಜೂನಾ ಬಜಾರದಾಗ ಎರಡೂವರಿ ಸಾವಿರ ತಗೊಂಡ್ರು. ಅವತ್ತಿನಿಂದ ಡಿಕ್ಕಿಯಾಗ ಎರಡು ಶಾಫ್ಟ್ ಯಾವಾಗ್ಲೂ ಇರ್ತಾವು.

ಬಲಕ್ಕ ಯಾಕ ಎಳೀತೈತಿ ಅಂತ ನಿಮಗೆಲ್ಲಾ ಗೊತ್ತಿದ್ದದ್ದ. ಎಂಜಿನ್ ಶಕ್ತಿ ಹಿಂದಕ್ಕ ಒಯ್ಯೂ ಪ್ರೊಪೆಲ್ಲರ್ ಶಾಫ್ಟಿನ ತಿರುವು ಹೌಸಿಂಗಿನ (ಹಿಂದಿನ ಆಕ್ಸಲಿನ ಕವಚ) ಎಡ ಒತ್ತತೈತಿ, ಬಲ ಎತ್ತತೈತಿ, ಎಡ ಟೈರಿಗೆ ಹಿಡಿತ ಜಾಸ್ತಿ ಆಗಿ ಗಾಡಿನ ಬಲಕ್ಕ ನೂಕತೈತಿ. ನಾ ಮರತಿದ್ದು ಬ್ಯಾರೆ. ಗಾಡಿ ಮೂಲದಾಗ ಸೊಟ್ಟ ಇತ್ತು! ಗೌಂಡಿ ಹತ್ರ ತೂಗುಗುಂಡು ಇಸ್ಕೊಂಡು ಬಂದು, ಪಾಟಾದ ಮುಂದಿನ ತುದಿಯ ಬಳೆ (ಐ) ಬೋಲ್ಟಿನಿಂದ ನೆಲಕ್ಕ ಗುರ್ತು ಹಾಕಿ ದಾರ ಹಿಡಿದು ಅಳತಿ ಮಾಡಿದ್ರ ಎಡಗಡೆ ಹೌಸಿಂಗು ಆರೇಳು ಎಂಎಂ ಹಿಂದ. ಆಕ್ಸಲ್ ಜಾಗಾದಾಗ ಹಿಡಿಯೂ ಸೆಂಟರ್ ಬೋಲ್ಟಿನ ತೂತು ಸವದು ಮೊಟ್ಟಿ ಆಕಾರ ಆಗಿತ್ತು, ಬುಷ್ ಅಂತೂ ಕೇಳಬ್ಯಾಡ್ರಿ. ಹಿಂಭಾಗ ಎಡಕ್ಕ ತೂರಿ ಮೂತಿ ಬಲಕ್ಕ ಹೋಗದ ಇನ್ನೇನ್ ಮಾಡೀತು. ಎರಡನೇದು ಟೈರು. ಒಂದ ಕಂಪನಿ, ಒಂದ ಸೈಜು, ಟೇಪ್ ಸುತ್ತಿ ನೋಡಿದ್ರ ಎಡದ್ದು 12 ಎಂಎಂ ಜಾಸ್ತಿ. ಡಿಫ್ ಲಾಕ್ ಇದ್ದಾಗ ದೊಡ್ಡ ಟೈರು ಇದ್ದ ಕಡೆಯಿಂದ ಸಣ್ಣದರ ಕಡೆ ಗಾಡಿ ಹೊಳ್ಳತೈತಿ. ಈಗ ಟೈರ್ ಅಂಗಡಿಗೆ ಟೇಪ್ ತಗೊಂಡು ಹೋಗ್ತೀನಿ, ಅಂಗಡಿಯವ್ರು ಬೈಕೋತಾರ, ಬೈಕೊಳ್ಳಿ.

ಇಷ್ಟು ಮಾಡಿದ್ಮ್ಯಾಲೆ ಅರ್ಧ ರೋಗ ಹೋತು. ಉಳಿದರ್ಧಕ್ಕ ಸ್ಲ್ಯಾಪರ್ ಬಾರ್, ಅಂದ್ರ ಆಕ್ಸಲಿನಿಂದ ಪಾಟಾ ಕೆಳಗ ಮುಂದಕ್ಕ ಚಾಚಿ ಪಾಟಾ ತಿರುಚದಂಗ ತಡಿಯೂ ದಂಡ. 40 ಎಂಎಂ ಚೌಕ ಪೈಪಿನಾಗ ನಾನ ಮಾಡಿದ್ನಿ, ಎರಡಕ್ಕೂ ಕೂಡಿ ಖರ್ಚು ಎರಡು ಸಾವಿರ ಆಗಿರಬೇಕು. ಮೊದಲನೇ ಜೋಡಿ ಗಿಡ್ಡ ಆತು, ತುದಿಯ ರಬ್ಬರು ಐ ಕೆಳಗ ಬಡಿಯೂದು ಬಿಟ್ಟು ಸೀದಾ ತಗಡಿಗಿ ಬಡದು ನನ್ನ ಸೀಟಿನ ಹಿಂದ ಫ್ಲೋರು ಬೋಗುಣಿ ಆತು. ಎರಡನೇ ಜೋಡಿ ಸರಿ ಕುಂತ್ವು, ಆದ್ರ ಎರಡೂ ಕಡೆ ಸಮಾ ಗ್ಯಾಪ್ ಇಟ್ಟಾಗ ಮತ್ತ ಬಲಕ್ಕ. ಬಲಗಡೆ ಗ್ಯಾಪ್ ಕಡಿಮಿ, ಎಡಗಡೆ ಜಾಸ್ತಿ ಇಟ್ರ ಬಲ ಮೊದಲ ಒತ್ತತೈತಿ. ಎಷ್ಟು ಎಂಎಂ ಅಂತ ಕೇಳಬ್ಯಾಡ್ರಿ, ಅದಕ್ಕ ಆರು ಭಾನುವಾರ ಕೊಟ್ಟೀನಿ.

ಪಾಟಾ ಕೆಲಸ ಮಾಡಿಕೊಟ್ಟವ್ರು ನಿಗಡಿ ಟ್ರಾನ್ಸ್‌ಪೋರ್ಟ್‌ನಗರಿಯೊಳಗಿನ ನಮ್ಮ ಇಂಡಿ ಕಡೆ ಕಾಕಾ, ಹುಟ್ಟಾ ಲಾರಿ ಪಾಟಾ ಬಡದವ್ರು. ಜಾಸ್ತಿ ಹಾಕ್ಸಿದ್ದೆಲ್ಲಾ ತಗಸಿ, ಬಲಕ್ಕ ಒಂದ ಗಿಡ್ಡ ಎಲಿ ಹಾಕಿ, ಮುಂದಿನ ಅರ್ಧದಾಗ ಎಲಿಗಳನ್ನ ಕೂಡಿಸಿ ಹಿಡಿಯೂ ಕ್ಲಿಪ್ ಬಿಗಿಸಿ ಹಿಂದಿನ ಅರ್ಧ ಸಡಲ ಬಿಡ್ರಿ ಅಂದೆ. "ಎಡಬಲ ಬ್ಯಾರೆ ಪಾಟಾ ಯಾವ ಹುಚ್ಚ ಹಾಕ್ತಾನೋ ತಮ್ಮಾ" ಅಂದ್ರು. ಕಾಕಾ, ಅಮೆರಿಕಾದಾಗ ಕ್ರೈಸ್ಲರ್ ಕಂಪನಿನೇ ಡ್ರ್ಯಾಗಿಗಂತ ಹಂಗ ಕೊಡ್ತಿತ್ತು, ಬಲಕ್ಕ ಎಲಿ ಜಾಸ್ತಿ, ಅಂದ್ರೂ ನಂಬಲಿಲ್ಲ. 1,800 ತಗೊಂಡು ಮಾಡಿಕೊಟ್ರು. ಆ ಗಿಡ್ಡ ಎಲಿ ತುದಿ ಹೆಂಗ ಕೊಯ್ಸೀನಿ ಅನ್ನೂದು ನಾನೂ ಕಾಕಾನೂ ಇಬ್ಬರ ಬಲ್ಲಿವಿ.

ತೂಕ ನೋಡಾಕ ಮಾರ್ಕೆಟ್‌ಯಾರ್ಡಿನ ದೋಸ್ತನ ಉಳ್ಳಾಗಡ್ಡಿ ತಕ್ಕಡಿ ತಂದಿದ್ನಿ, 300 ಕಿಲೋದು ಎರಡು. ಎರಡು ಗಾಲಿ ತಕ್ಕಡಿ ಮ್ಯಾಲೆ, ಉಳಿದೆರಡು ಅಷ್ಟ ಎತ್ತರದ ಹಲಗಿ ಮ್ಯಾಲೆ. ನಾ ಕುಂತು ಒಟ್ಟು 870, ಹಿಂದ ಎಡ 190, ಬಲ 210 ಬಂತು ನೆನಪು. ನಾವು ಬಲಕ್ಕ ಕೂಡೂದರಿಂದ ಲಾಭ ಐತಿ, ಎಡಕ್ಕ ಕೂಡೂ ಅಮೆರಿಕಾದವ್ರಿಗೆ ಈ ಪುಣ್ಯ ಇಲ್ಲ. ಬ್ಯಾಟರಿನೂ ಡಿಕ್ಕಿಯ ಬಲಕ್ಕ ಒಗದೀನಿ. ನಡುವ ಒಮ್ಮೆ 25 ಕಿಲೋ ಉಳ್ಳಾಗಡ್ಡಿ ಚೀಲನೂ ಬಲಗಡೆ ಇಟ್ಟು ನೋಡಿದ್ನಿ, ನೆಟ್ಟಗೇನೋ ಹೋತು, ಡಿಕ್ಕಿ ವಾಸನಿ ವಾರಗಟ್ಟಲೆ ಹೋಗಲಿಲ್ಲ.

ಪಿನಿಯನ್ ಆಂಗಲ್, ಅಂದ್ರ ಹೌಸಿಂಗಿನ ಮೂತಿಯ ಓರೆ, ಕೆಳಕ್ಕ ಐದು ಡಿಗ್ರಿ. ಎಂಟು ಮಾಡಿದಾಗ ನಾಕನೇ ಗೇರಿಗೆ ಗಾಡಿ ನಡಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಹೋತು, ಎರಡಕ್ಕ ಪಾಟಾ ಕುಣೀತಿತ್ತು.

ಪರೀಕ್ಷೆ ಎಲ್ಲಾ ಚಾಕಣದಾಗ ದೋಸ್ತನ ಫ್ಯಾಕ್ಟರಿ ಅಂಗಳದಾಗ, ಕಬಡ್ಡಿ ಕೋರ್ಟಿಗೆ ಹಾಕ್ದಂಗ ಸುಣ್ಣದ ಗೆರಿ ಹಾಕಿ, ಹಿಂದೊಂದು ಫೋನ್ ನಿಂದ್ರಿಸಿ. ಮೊದಲ ಅರವತ್ತು ಫೂಟಿನಾಗ ನಾಕು ಫೂಟು ಬಲಕ್ಕ ಹೋಗತಿದ್ದ ಗಾಡಿ ಕಡೀಗೆ ಗೇಣು ಅಲುಗಲಿಲ್ಲ. ಲೋನಾವಳಾ ಹತ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪಿನಾಗ ಮೊದಲ 60 ಫೂಟು 2.6 ಸೆಕೆಂಡ್ ಇದ್ದದ್ದು 2.2ಕ್ಕ ಬಂತು, 402 ಮೀಟರು 15.7ರಿಂದ 15.1ರ ಆಸುಪಾಸು, ಎಂಜಿನ್ನಿಗೆ ಒಂದು ಸ್ಕ್ರೂ ಮುಟ್ಟದ. ಲೋನಾವಳಾ ಮ್ಯಾಲೆ ಫ್ಲಾಟ್‌ಬೆಡ್ ಬಾಡಿಗಿ ಏಳು ಸಾವಿರ ಬ್ಯಾರೆ. ಫೋರ್ ಲಿಂಕ್ ಮಾಡ್ಸು ಅಂದ ಹುಡುಗ ಅವತ್ತು ಗಾಡಿ ಕೆಳಗ ಮಲಕ್ಕೊಂಡು ಫೋಟೋ ತಗೀಲಿಕ್ಕೆ ಹತ್ತಿದ್ದ, ಸ್ಲ್ಯಾಪರಿಗೆ ಅರಿಬಿ ಸುತ್ತಿಟ್ಟಿದ್ನಿ.

ಒಂದು ತ್ರಾಸು ಉಳದೈತಿ. ಹಿಂದ ಬಲಕ್ಕ ಒತ್ತಿದ್ರ ಮುಂದ ಎಡಕ್ಕೂ ತೂಕ ಬೀಳತೈತಿ, ಅದಕ್ಕ ಫಿನಿಶ್ ದಾಟಿ ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕ ಜಗ್ಗತೈತಿ. ಸದ್ಯ ಸ್ಟೇರಿಂಗ್ ಎರಡೂ ಕೈಲೆ ಗಟ್ಟಿ ಹಿಡ್ಕೊಂಡು ನಿಲ್ಲಸ್ತೀನಿ.